ಒಂದು ಗೆರೆ, ಒಂದು ಸಹಿ

ಕಳೆದ ತಿಂಗಳು ಒಂದು ಸಂಜೆ ಹಾವೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಿದ್ದೆ. ಪಕ್ಕದಲ್ಲಿ ‘ಪರ್’ ಎಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಕನ್ನಡಕ ಮೇಲೆತ್ತಿ ನೋಡಿದರೆ, ಐದನೇ ತರಗತಿಯ ನನ್ನ ಮೊಮ್ಮಗ ಗಣಿತದ ನೋಟ್‌ಬುಕ್ಕಿನಿಂದ ಹಾಳೆ ಹರಿಯುತ್ತಿದ್ದ.

“ಯಾಕೋ ತಮ್ಮಾ?” ಎಂದೆ.

“ಲೆಕ್ಕ ತಪ್ಪಾತು ಅಜ್ಜ. ತಪ್ಪು ಕಂಡ್ರ ಟೀಚರ್ ಬೈತಾರ. ಹೊಸಾ ಹಾಳ್ಯಾಗ ಮಾಡ್ತೀನಿ.”

ಹೊಸ ಹಾಳೆಯಲ್ಲೂ ಅದೇ ತಪ್ಪು ಉತ್ತರ ಬಂತು. ಅದನ್ನೂ ಹರಿದ. ಕಸದ ಬುಟ್ಟಿಯಲ್ಲಿ ಏಳು ಹಾಳೆಗಳಿದ್ದವು. ಜೂನ್‌ನಲ್ಲಿ ತಂದ ನೂರು ಪುಟದ ಪುಸ್ತಕ ಈಗಲೇ ಬಡಕಲಾಗಿತ್ತು. ನನಗೆ ಬೇಸರವಾದದ್ದು ಕಾಗದ ಹಾಳಾಯಿತು ಎಂದಲ್ಲ. ಆ ಏಳು ಹಾಳೆಗಳಲ್ಲಿ ಅವನ ತಪ್ಪು ಎಲ್ಲಿದೆ ಎಂಬ ಸುಳಿವು ಇತ್ತು. ಅದನ್ನೇ ಅವನು ಬುಟ್ಟಿಗೆ ಹಾಕುತ್ತಿದ್ದ.

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದಾಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು, ಈ ಮೂರು ಊರುಗಳಲ್ಲೇ ನನ್ನ ನೌಕರಿ ಮುಗಿಯಿತು. ಕಂಪ್ಯೂಟರ್ ಇಲ್ಲದ ಕಾಲ. ತೊಡೆಯಷ್ಟು ದಪ್ಪದ ಲೆಡ್ಜರುಗಳು. ಒಬ್ಬೊಬ್ಬ ಗ್ರಾಹಕನಿಗೂ ಒಂದು ಪುಟ, ಪುಟಕ್ಕೊಂದು ಸಂಖ್ಯೆ. ಎಲ್ಲವನ್ನೂ ಕೈಯಿಂದಲೇ ಬರೆಯಬೇಕು, ಕೂಡಿಸಬೇಕು, ಕಳೆಯಬೇಕು.

ಮೊದಲ ದಿನ ಹಿರಿಯ ಗುಮಾಸ್ತರೊಬ್ಬರು ನನ್ನನ್ನು ಕೂರಿಸಿಕೊಂಡು ಹೇಳಿದ ಮೊದಲ ಪಾಠ ಲೆಕ್ಕದ್ದಾಗಿರಲಿಲ್ಲ. “ಇಲ್ಲಿ ರಬ್ಬರ್ ಇಲ್ಲ, ಬ್ಲೇಡ್ ಇಲ್ಲ, ಹಾಳಿ ಹರಿಯೂ ಹಂಗಿಲ್ಲ. ತಪ್ಪಿದ್ರ ತಪ್ಪಿದ ಅಂಕಿ ಮ್ಯಾಲೆ ಒಂದs ಗೆರಿ. ಮ್ಯಾಲೆ ಸರಿ ಅಂಕಿ ಬರಿ. ಬಾಜೂಕ ನಿನ್ನ ಸಣ್ಣ ಸಹಿ ಹಾಕು. ತಪ್ಪಿದ ಅಂಕಿ ಓದಾಕ ಬರಬೇಕು, ನೆನಪಿರ್ಲಿ” ಎಂದರು.

ನನಗೆ ವಿಚಿತ್ರವೆನಿಸಿತು. ಶಾಲೆಯಲ್ಲಿ ತಪ್ಪನ್ನು ಕಾಣದಂತೆ ಅಳಿಸುವುದನ್ನು ಕಲಿತಿದ್ದೆ. ಇಲ್ಲಿ ಕಾಣುವಂತೆ ಇಡಬೇಕು, ಜೊತೆಗೆ ‘ಇದು ನಾನೇ ಮಾಡಿದ್ದು’ ಎಂದು ಸಹಿ ಬೇರೆ. ಮೊದಲ ತಿಂಗಳು ನನ್ನ ಪುಟಗಳ ತುಂಬ ನನ್ನ ಸಹಿಯೇ ಇತ್ತು.

ಆಗ ಬ್ಯಾಂಕುಗಳ ಲೆಕ್ಕದ ವರ್ಷ ಮುಗಿಯುತ್ತಿದ್ದದ್ದು ಡಿಸೆಂಬರ್ 31ಕ್ಕೆ. ಮಾರ್ಚ್ 31 ಆದದ್ದು 1989ರಿಂದ. ಹೊಸ ವರ್ಷದ ಮುನ್ನಾ ರಾತ್ರಿ ಊರೆಲ್ಲ ಮಲಗಿದ್ದರೆ ನಾವು ದೀಪ ಹಚ್ಚಿಕೊಂಡು ಬಡ್ಡಿ ಲೆಕ್ಕ ಹಾಕುತ್ತಿದ್ದೆವು. ಹಾವೇರಿಯಲ್ಲಿ ನನ್ನ ಮೊದಲ ಡಿಸೆಂಬರ್‌ನಲ್ಲಿ ಎಲ್ಲ ಪುಟಗಳ ಮೊತ್ತಕ್ಕೂ ಮುಖ್ಯ ಲೆಡ್ಜರಿನ ಮೊತ್ತಕ್ಕೂ 5 ರೂಪಾಯಿ 40 ಪೈಸೆ ವ್ಯತ್ಯಾಸ ಬಂತು. ‘ಐದು ರೂಪಾಯಿ ತಾನೇ, ನಾನೇ ಜೇಬಿನಿಂದ ಕೊಡ್ತೀನಿ, ಮನೆಗೆ ಹೋಗೋಣ’ ಎಂದೆ. ಎಲ್ಲರೂ ನಕ್ಕರು. ಬ್ಯಾಂಕಿನಲ್ಲಿ ಐದು ರೂಪಾಯಿ ಕಡಿಮೆ ಬಂದರೂ ತಪ್ಪೇ, ಹೆಚ್ಚು ಬಂದರೂ ತಪ್ಪೇ. ಜೇಬಿನಿಂದ ಹಾಕಿದರೆ ತಪ್ಪು ಹೋಗುವುದಿಲ್ಲ, ಮುಚ್ಚಿಹೋಗುತ್ತದೆ.

ರಾತ್ರಿ ಹನ್ನೆರಡರವರೆಗೆ ಪುಟ ತಿರುವಿದೆ, ಸಿಗಲಿಲ್ಲ. ಹಿರಿಯರು ಚಹಾ ಮುಗಿಸಿ ಬಂದು ಒಂದು ಚೀಟಿಯ ಮೇಲೆ 540 ಎಂದು ಬರೆದು ಒಂಬತ್ತರಿಂದ ಭಾಗಿಸಿದರು. 60 ಬಂತು, ಶೇಷವಿಲ್ಲ. “ಅಂಕಿ ತಿರುಗಾಮುರುಗಾ ಆಗ್ಯಾವ. ರೂಪಾಯಿ ಅಂಕಿಗೂ ಅದರ ಮುಂದಿನ ಅಂಕಿಗೂ ಆರು ಫರಕ್ ಇದ್ದಲ್ಲಿ ನೋಡು” ಎಂದರು. ಅರ್ಧ ಗಂಟೆಯಲ್ಲಿ ಸಿಕ್ಕಿತು. ಯಾರದೋ ಬಡ್ಡಿ 8 ರೂಪಾಯಿ 20 ಪೈಸೆ. ನಾನು ಬರೆದದ್ದು 2 ರೂಪಾಯಿ 80 ಪೈಸೆ.

ಮಕ್ಕಳೇ, ಇದು ಜಾದೂ ಅಲ್ಲ. ನೀವೂ ಮಾಡಿ ನೋಡಿ. 72 ಬರೆಯುವ ಬದಲು 27 ಬರೆಯಿರಿ. ವ್ಯತ್ಯಾಸ 45. ಒಂಬತ್ತೈದಲೆ 45. ಏಳಕ್ಕೂ ಎರಡಕ್ಕೂ ಇರುವ ವ್ಯತ್ಯಾಸವೂ ಐದೇ. 83 ಮತ್ತು 38? ವ್ಯತ್ಯಾಸ 45, ಮತ್ತೆ ಐದು. ಕಾರಣ ಸರಳ. ಒಂದು ಅಂಕಿ ಬಿಡಿಯ ಸ್ಥಾನದಿಂದ ಹತ್ತರ ಸ್ಥಾನಕ್ಕೆ ಹೋದರೆ ಅದರ ಬೆಲೆ ಹತ್ತು ಪಟ್ಟಾಗುತ್ತದೆ, ಅಂದರೆ ತನ್ನ ಒಂಬತ್ತು ಪಟ್ಟು ಹೆಚ್ಚಾಗುತ್ತದೆ. ಹತ್ತರ ಸ್ಥಾನದಿಂದ ಬಿಡಿಗೆ ಇಳಿದದ್ದು ತನ್ನ ಒಂಬತ್ತು ಪಟ್ಟು ಕಳೆದುಕೊಳ್ಳುತ್ತದೆ. ಹಾಗಾಗಿ ಅಂಕಿಗಳು ಜಾಗ ಬದಲಿಸಿಕೊಂಡರೆ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲಿಯೇ ಬರಬೇಕು. ಒಂದು ಸೊನ್ನೆ ಬಿಟ್ಟುಹೋದರೂ ಹಾಗೆಯೇ: 1,200ರ ಬದಲು 120 ಬರೆದರೆ ವ್ಯತ್ಯಾಸ 1,080, ಅದು 120ರ ಒಂಬತ್ತು ಪಟ್ಟು. ಇನ್ನೊಂದು ಉಪಾಯವೂ ಇದೆ. ಕೂಡಿಸಬೇಕಾದದ್ದನ್ನು ಕಳೆದಿದ್ದರೆ ವ್ಯತ್ಯಾಸ ಸರಿಯಾಗಿ ಅದರ ಎರಡು ಪಟ್ಟು ಬರುತ್ತದೆ. 640 ವ್ಯತ್ಯಾಸ ಬಂದರೆ ಮೊದಲು 320 ಎಲ್ಲಿದೆ ಎಂದು ಹುಡುಕುತ್ತಿದ್ದೆವು.

ಅಂದರೆ ತಪ್ಪಿಗೂ ಒಂದು ರೂಪ ಇರುತ್ತದೆ. ಹೆಜ್ಜೆ ಗುರುತು ನೋಡಿ ಯಾವ ಪ್ರಾಣಿ ಹೋಯಿತೆಂದು ಹೇಳುವಂತೆ, ವ್ಯತ್ಯಾಸ ನೋಡಿ ಯಾವ ಜಾತಿಯ ತಪ್ಪು ಎಂದು ಹೇಳಬಹುದು. ನನಗೆ ಲೆಕ್ಕದ ರುಚಿ ಹತ್ತಿದ್ದೇ ಆ ರಾತ್ರಿ. ಬಿ.ಕಾಂ. ಓದುವಾಗ ಹತ್ತಿರಲಿಲ್ಲ.

ರುಚಿಯ ಜೊತೆ ಸೊಕ್ಕೂ ಬಂತು. ಎರಡು ಮೂರು ವರ್ಷಕ್ಕೆ ನನ್ನ ಲೆಡ್ಜರ್ ಪ್ರತಿ ತಿಂಗಳು ಮೊದಲ ಸಲಕ್ಕೇ ಹೊಂದುತ್ತಿತ್ತು. ಅಷ್ಟರಲ್ಲಿ ಬ್ಯಾಡಗಿಗೆ ವರ್ಗವಾಯಿತು.

ಬ್ಯಾಡಗಿ ಎಂದರೆ ಮೆಣಸಿನಕಾಯಿ. ಸುಗ್ಗಿಯಲ್ಲಿ ಬಸ್ಸಿಳಿಯುವ ಮೊದಲೇ ಸೀನು ಬರುತ್ತದೆ. ಸುಕ್ಕುಸುಕ್ಕಾದ, ಕಡುಗೆಂಪಿನ ಕಾಯಿ. ಉದ್ದದ್ದು ಕಡ್ಡಿ, ಗಿಡ್ಡ ದಪ್ಪದ್ದು ಡಬ್ಬಿ. ಬಣ್ಣ ಹೆಚ್ಚು, ಖಾರ ಕಡಿಮೆ. ಖಾರವಿಲ್ಲದ ಮೆಣಸಿನಕಾಯಿ ಎಂಥದ್ದು ಎಂದು ಹೊರಗಿನವರು ಹಾಸ್ಯ ಮಾಡುವುದುಂಟು. ಆದರೆ ಅದರ ಎಣ್ಣೆಯಂಥ ಬಣ್ಣದ ಸಾರಕ್ಕೆ ಈಗ ತಿಂಡಿ ಮಾಡುವವರಿಂದ ಹಿಡಿದು ತುಟಿಯ ಬಣ್ಣ ಮಾಡುವವರವರೆಗೆ ಬೇಡಿಕೆ ಇದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಊನ ಎಂದದ್ದೇ ಬೆಲೆಯಾಯಿತು. ಇರಲಿ, ನಾನು ಹೇಳಹೊರಟದ್ದು ಬೇರೆ.

ಸುಗ್ಗಿಯ ದಿನಗಳಲ್ಲಿ ನಮ್ಮ ಕೌಂಟರಿಗೆ ಬರುವ ನೋಟುಗಳೂ ಮೆಣಸಿನಕಾಯಿ ವಾಸನೆ ಬರುತ್ತಿದ್ದವು. ಎಣಿಸಿದ ಕೈ ಕಣ್ಣಿಗೆ ತಾಗಿತೋ, ಮುಗಿಯಿತು. ಅಂಥ ಒಂದು ಸಂತೆ ದಿನ ಸುತ್ತಲಿನ ಹಳ್ಳಿಯ ರೈತರೊಬ್ಬರು ದಲಾಲಿ ಅಂಗಡಿಯಿಂದ ಬಂದ 2,340 ರೂಪಾಯಿಯನ್ನು ಉಳಿತಾಯ ಖಾತೆಗೆ ಕಟ್ಟಿ ಹೋದರು. ಪಾಸ್‌ಬುಕ್ ಮನೆಯಲ್ಲಿ ಬಿಟ್ಟು ಬಂದಿದ್ದರು. ಆಗಿನ 2,340 ರೂಪಾಯಿ ಎಂದರೆ ಒಂದು ಕುಟುಂಬದ ವರ್ಷದ ಬೆವರು.

ಮೂರು ವಾರ ಬಿಟ್ಟು ಅವರು ಮತ್ತೆ ಬಂದರು. ಮಗಳ ಮದುವೆಗೆ ಎರಡು ಸಾವಿರ ಬೇಕಿತ್ತು. ಪುಟ ತೆಗೆದು ನೋಡಿದೆ. ಖಾತೆಯಲ್ಲಿ ಇದ್ದದ್ದು ನೂರರ ಚಿಲ್ಲರೆ.

“ಕಟ್ಟೀನ್ರಿ ಸಾಹೇಬ್ರ, ಇದs ಕಿಡಕ್ಯಾಗ ಕಟ್ಟೀನಿ” ಎಂದರು.

“ರಸೀದಿ ಎಲ್ಲಿ?” ಎಂದೆ. ಸಣ್ಣ ಚೀಟಿ, ಎಲ್ಲೋ ಕಳೆದುಹೋಗಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು. ನನ್ನ ಲೆಡ್ಜರ್ ಹಿಂದಿನ ತಿಂಗಳು ಪೈಸೆ ಬಿಡದಂತೆ ಹೊಂದಿತ್ತು. ಹೊಂದಿದ ಲೆಡ್ಜರಿನಲ್ಲಿ ತಪ್ಪು ಹೇಗೆ ಇರುತ್ತದೆ? “ನೀವು ದಲಾಲಿ ಅಂಗಡ್ಯಾಗs ಬಿಟ್ಟಿರಬೇಕು, ಅಲ್ಲಿ ಕೇಳ್ರಿ” ಎಂದು ಎಲ್ಲರ ಮುಂದೆ ಜೋರಾಗಿ ಹೇಳಿ ಕಳಿಸಿದೆ. ಅವರು ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತಿದ್ದರು. ಆಮೇಲೆ ನೋಡಿದರೆ ಇರಲಿಲ್ಲ.

ಹದಿನೈದು ದಿನವಾದ ಮೇಲೆ ಬೇರೆ ಯಾವುದೋ ಕೆಲಸಕ್ಕೆ ಲೆಡ್ಜರ್ ತಿರುವುತ್ತಿದ್ದೆ. ಒಂದು ಪುಟದಲ್ಲಿ ಕೈ ನಿಂತಿತು. 2,340 ರೂಪಾಯಿ ಜಮಾ, ನನ್ನದೇ ಅಕ್ಷರ. ಖಾತೆದಾರರ ಹೆಸರು ಆ ರೈತರದೇ, ತಂದೆಯ ಹೆಸರು ಮಾತ್ರ ಬೇರೆ, ಊರೂ ಬೇರೆ. ನಮ್ಮ ಕಡೆ ಒಂದೊಂದು ಹೆಸರಿಗೂ ಹತ್ತು ಜನ ಸಿಗುತ್ತಾರೆ. ಚೀಟಿಯಲ್ಲಿದ್ದ ಪುಟದ ಸಂಖ್ಯೆ ನೋಡದೆ ಹೆಸರು ನೋಡಿ ಬರೆದುಬಿಟ್ಟಿದ್ದೆ. ಮೊತ್ತ ಸರಿ ಇತ್ತು, ಬರೆದ ಜಾಗ ತಪ್ಪಿತ್ತು. ಹಾಗಾಗಿ ಎಲ್ಲ ಕೂಡಿಸಿದರೂ ಲೆಕ್ಕ ಹೊಂದುತ್ತಿತ್ತು. ಒಂಬತ್ತರಿಂದ ಭಾಗಿಸುವುದಿರಲಿ, ಭಾಗಿಸಲು ವ್ಯತ್ಯಾಸವೇ ಇರಲಿಲ್ಲ. ತಾಳೆಯಲ್ಲಿ ಸಿಗದ ಇಂಥ ತಪ್ಪುಗಳ ಬಗ್ಗೆ ಬಿ.ಕಾಂ.ನಲ್ಲಿ ಒಂದು ಅಧ್ಯಾಯವೇ ಇತ್ತು. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಉತ್ತರವನ್ನೂ ಬರೆದಿದ್ದೆ.

ಆ ಹಣ ಇನ್ನೊಬ್ಬರ ಖಾತೆಯಲ್ಲಿ ಹಾಗೆಯೇ ಕೂತಿತ್ತು, ಅವರು ಮುಟ್ಟಿರಲಿಲ್ಲ. ಈಗ ನಿಜ ಹೇಳುತ್ತೇನೆ. ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಮ್ಯಾನೇಜರರಿಗೆ ಏನು ಹೇಳಲಿ, ಕೆಲಸ ಹೋದರೆ ಮನೆಯಲ್ಲಿ ಏನು ಹೇಳಲಿ, ಚೀಟಿಯಲ್ಲೇ ಪುಟದ ಸಂಖ್ಯೆ ತಪ್ಪಿತ್ತು ಎಂದುಬಿಡಲೇ, ಹೀಗೆ ಏನೇನೋ ಯೋಚನೆ. ಹಳೆಯ ಚೀಟಿಗಳ ಕಟ್ಟು ಬಿಚ್ಚಿ ನೋಡಿದೆ. ಸಂಖ್ಯೆ ಸರಿಯಾಗಿಯೇ ಇತ್ತು. ಚೀಟಿ ಕೈಯಲ್ಲಿ ಹಿಡಿದು ನಿಂತಿದ್ದಾಗ ಮೊದಲ ದಿನದ ಪಾಠ ನೆನಪಾಯಿತೋ, ಕಂಬಕ್ಕೆ ಒರಗಿ ನಿಂತ ಆ ಮನುಷ್ಯನೇ ನೆನಪಾದರೋ ಹೇಳಲಾರೆ. ಮೂರನೇ ದಿನ ಮ್ಯಾನೇಜರರ ಮುಂದೆ ಲೆಡ್ಜರನ್ನೇ ಹೊತ್ತುಕೊಂಡು ಹೋಗಿ ಇಟ್ಟೆ.

ಅವರು ಬೈಯಲಿಲ್ಲ. ಗೆರೆ ಎಳೆಸಿದರು, ಸರಿಯಾದ ಪುಟದಲ್ಲಿ ಬರೆಸಿದರು, ಎರಡೂ ಕಡೆ ಸಹಿ ಹಾಕಿಸಿ ತಾವೂ ಹಾಕಿದರು. ಆಮೇಲೆ, “ಪುಸ್ತಕದಾಗ ಸರಿ ಆತು. ಮನಶ್ಯಾನ ಕಡೆ ಯಾವಾಗ ಹೋಗ್ತೀ?” ಎಂದರು.

ಭಾನುವಾರ ಮುಂಜಾನೆಯ ಬಸ್ಸು ಹಿಡಿದೆ. ಮೋಟೆಬೆನ್ನೂರು ದಾಟಿ ಹೋಗಬೇಕಿತ್ತು. ಅದು ಗಾಂಧೀಜಿಯ ಜೊತೆ ದಂಡಿಗೆ ನಡೆದ, ಮುಂದೆ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರ ಊರು. ಬೇರೆ ದಿನವಾಗಿದ್ದರೆ ಇಳಿದು ನೋಡುತ್ತಿದ್ದೆ. ಅಂದು ತಲೆ ಎತ್ತಲಿಲ್ಲ.

ರೈತರು ಕಣದಲ್ಲಿದ್ದರು. ಮಗಳ ಮದುವೆ ಆಗಿಹೋಗಿತ್ತು. ಬ್ಯಾಂಕಿನಲ್ಲಿ ಸಿಗದ ಹಣವನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಕುಡಿಯಲು ನೀರು ತರಿಸಿ, ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ದು ಇಷ್ಟು: “ಬರಿಯೂದು ತಪ್ತೈತ್ರಿ. ಬಿತ್ತೂದೂ ತಪ್ತೈತಿ. ಆದ್ರ ಅವತ್ತ ನೀವು ಪುಸ್ತಕ ನೋಡಿದ್ರಿ, ನನ್ನ ಮಾರಿ ನೋಡ್ಲಿಲ್ಲ.”

ಬಡ್ಡಿಯ ಅರವತ್ತು ರೂಪಾಯಿಯನ್ನು ನನ್ನ ಸಂಬಳದಿಂದ ಕೊಡಲು ಹೋದೆ. ಮೊದಲು ಬೇಡ ಎಂದರು, ಆಮೇಲೆ ತೆಗೆದುಕೊಂಡರು. ತೆಗೆದುಕೊಂಡದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ನಾನು ಇಂದಿಗೂ ಸಾಲಗಾರ. ಅವರು ಖಾತೆಯನ್ನು ನಮ್ಮಲ್ಲೇ ಇಟ್ಟರು. ಆದರೆ ಒಂದು ವರ್ಷ ನನ್ನ ಕಿಟಕಿಗೆ ಬರಲಿಲ್ಲ. ಪಕ್ಕದ ಸಾಲು ಎಷ್ಟು ಉದ್ದವಿದ್ದರೂ ಅಲ್ಲೇ ನಿಲ್ಲುತ್ತಿದ್ದರು. ಒಂದು ದಿನ ನನ್ನ ಮುಂದೆ ಬಂದು ನಿಂತು ಪಾಸ್‌ಬುಕ್ ಚಾಚಿದರು. ಮಾತಿಲ್ಲ. ಅಂದು ನನಗಾದ ಸಂತೋಷ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಅಂದಿನಿಂದ ಯಾರಾದರೂ ‘ಲೆಕ್ಕ ತಪ್ಪೈತ್ರಿ’ ಎಂದರೆ ಬಾಯಿ ತೆರೆಯುವ ಮೊದಲು ಚೀಟಿಗಳ ಕಟ್ಟು ತೆರೆಯುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸಲ ಲೆಕ್ಕ ಸರಿಯೇ ಇರುತ್ತಿತ್ತು. ಆ ಹತ್ತನೆಯದಕ್ಕಾಗಿ ಒಂಬತ್ತನ್ನೂ ನೋಡಬೇಕು.

ಮುಂದೆ ರಾಣೇಬೆನ್ನೂರಿಗೆ ವರ್ಗವಾಯಿತು. ಅಲ್ಲಿ ನೋಡಿದ ಒಂದು ಕೆಲಸವನ್ನು ಹೇಳದಿದ್ದರೆ ಈ ಲೇಖನ ಅರ್ಧವಾದೀತು. ಅಜ್ಜ-ಅಜ್ಜಿಯಂದಿರಿಗೆ ‘ವರಲಕ್ಷ್ಮಿ’ ಎಂದರೆ ವ್ರತ ಮಾತ್ರವಲ್ಲ, ಹತ್ತಿಯೂ ನೆನಪಾಗಬಹುದು.

ನಮ್ಮ ಎರೆಭೂಮಿಯಲ್ಲಿ ಮೊದಲಿನಿಂದ ಜಯಧರ, ಲಕ್ಷ್ಮಿ ಮುಂತಾದ ಹತ್ತಿ ಬೆಳೆಯುತ್ತಿದ್ದರು. ನಯವಾದ ಬಟ್ಟೆಗೆ ಬೇಕಾದ ಉದ್ದ ಎಳೆಯ ಹತ್ತಿಯನ್ನು ದೇಶ ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಬೇರೆ ಬೇರೆ ಹತ್ತಿಗಳನ್ನು ಕೂಡಿಸಿದರೆ ಮೊದಲ ತಲೆಮಾರಿನ ಗಿಡ ಎರಡೂ ಹೆತ್ತವರಿಗಿಂತ ಹುಲುಸಾಗಿ ಬರುತ್ತದೆ ಎಂದು ವಿಜ್ಞಾನಿಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು. ಆದರೆ ತೊಡಕು ಬೀಜದ್ದು. ಆ ಗಿಡದ ಬೀಜವನ್ನು ಮುಂದಿನ ವರ್ಷ ಬಿತ್ತಿದರೆ ಒಂದು ಅಜ್ಜನ ಹಾಗೆ, ಒಂದು ಅಜ್ಜಿಯ ಹಾಗೆ, ಒಂದು ಯಾರ ಹಾಗೂ ಅಲ್ಲ! ಹಾಗಾಗಿ ಪ್ರತಿ ವರ್ಷವೂ ಹೊಸದಾಗಿ, ಒಂದೊಂದೇ ಹೂವನ್ನು ಕೈಯಿಂದ ಕೂಡಿಸಿ ಬೀಜ ಮಾಡಬೇಕು. ಇದು ಪ್ರಯೋಗಶಾಲೆಗೆ ಸರಿ, ಹೊಲಕ್ಕೆ ಆಗದ ಮಾತು ಎಂದು ಜಗತ್ತು ಕೈಬಿಟ್ಟಿತ್ತು. ಸೂರತ್ತಿನ ಹತ್ತಿ ಸಂಶೋಧನಾ ಕೇಂದ್ರದಲ್ಲಿ ಡಾ. ಸಿ.ಟಿ. ಪಟೇಲರು ಬಿಡಲಿಲ್ಲ. 1970ರಲ್ಲಿ ‘ಎಚ್-4’ ಬಂತು, ರೈತರು ಬೆಳೆದ ಮೊದಲ ಹೈಬ್ರಿಡ್ ಹತ್ತಿ. ಎರಡೇ ವರ್ಷಕ್ಕೆ, 1972ರಲ್ಲಿ, ನಮ್ಮ ಧಾರವಾಡದ ಡಾ. ಬಿ.ಎಚ್. ಕಾತರಕಿಯವರು ಇನ್ನೂ ಕಷ್ಟದ ಕೆಲಸ ಮಾಡಿದರು. ನಮ್ಮ ‘ಲಕ್ಷ್ಮಿ’ಯನ್ನು ತಾಯಿಯಾಗಿ, ಬೇರೆಯದೇ ಜಾತಿಯ, ಉದ್ದ ಎಳೆಯ ‘ಎಸ್‌ಬಿ 289ಇ’ಯನ್ನು ತಂದೆಯಾಗಿ ಮಾಡಿ ‘ವರಲಕ್ಷ್ಮಿ’ಯನ್ನು ತಂದರು. ಎರಡು ಪ್ರತ್ಯೇಕ ಜಾತಿಗಳನ್ನು ಕೂಡಿಸಿ ರೈತರ ಹೊಲಕ್ಕೆ ಬಂದ ಮೊದಲ ಹೈಬ್ರಿಡ್ ಹತ್ತಿ ಅದು.

ವರಲಕ್ಷ್ಮಿ ಬಂದಳೆಂದು ಎಲ್ಲ ಸುಲಭವಾಗಲಿಲ್ಲ. ನೀರು ಬೇಕು, ಗೊಬ್ಬರ ಬೇಕು, ಹುಳದ ಕಾಟಕ್ಕೆ ಔಷಧಿ ಬೇಕು. ಸಾಲ ತೆಗೆದು ಸೋತವರ ಪುಟಗಳೂ ನನ್ನ ಲೆಡ್ಜರಿನಲ್ಲಿದ್ದವು. ಧಾರವಾಡದವರು ಅಲ್ಲಿಗೇ ನಿಲ್ಲದೆ ಮತ್ತೆ ಬೇರೆ ಗಂಡು ಹೆಣ್ಣು ಹುಡುಕಿ 1981ರಲ್ಲಿ ‘ಡಿಸಿಎಚ್-32’ ತಂದರು, ಜಯಲಕ್ಷ್ಮಿ ಎಂದೂ ಅದಕ್ಕೆ ಹೆಸರು. ಹಿರಿಯ ರೈತರು ಈಗಲೂ ಬರೀ ‘ಡೀಸೀಎಚ್’ ಎನ್ನುತ್ತಾರೆ, ಮನೆಯ ಮಗಳ ಹೆಸರು ಹಿಡಿದಂತೆ.

ರಾಣೇಬೆನ್ನೂರು ಭಾಗ ಬೀಜ ಮಾಡುವ ಕೆಲಸಕ್ಕೆ ಹೆಸರಾದ ಊರು. ಸಾಲ ಕೊಟ್ಟ ಬೆಳೆ ನೋಡಿಬರಲು ಅಧಿಕಾರಿಗಳ ಜೊತೆ ನನ್ನನ್ನೂ ಒಮ್ಮೆ ಕಳಿಸಿದರು. ಇಳಿಹೊತ್ತು. ಹೆಣ್ಣುಮಕ್ಕಳು ಸಾಲಿನಲ್ಲಿ ನಡೆಯುತ್ತ ನಾಳೆ ಅರಳಲಿರುವ ಮೊಗ್ಗುಗಳನ್ನು ಆರಿಸುತ್ತಿದ್ದರು. ಹೆಬ್ಬೆರಳ ಉಗುರಿನಿಂದ ಮೊಗ್ಗಿನ ಬುಡದಲ್ಲಿ ಸುತ್ತ ಗೀರಿ, ಎಸಳನ್ನೂ ಅದಕ್ಕಂಟಿದ ಕೇಸರಗಳನ್ನೂ ಒಟ್ಟಿಗೆ ಟೋಪಿ ತೆಗೆದಂತೆ ತೆಗೆಯುತ್ತಿದ್ದರು. ನಡುವೆ ಉಳಿಯುವುದು ಎಳೆಯ ಶಲಾಕೆ. ಅದಕ್ಕೆ ಬಣ್ಣದ ಕಾಗದದ ಪುಟ್ಟ ಚೀಲ ಹಾಕುವುದು. ಮರುದಿನ ಬೆಳಿಗ್ಗೆ ಬಣ್ಣ ನೋಡಿ ಗುರುತು ಹಿಡಿದು, ಚೀಲ ತೆಗೆದು, ಗಂಡು ಸಾಲಿನ ಹೂವಿನ ಪರಾಗ ಸವರುವುದು. ಒಂದು ಗಂಡು ಹೂವು ನಾಲ್ಕೈದು ಹೆಣ್ಣು ಹೂಗಳಿಗೆ ಸಾಕು. ಇಷ್ಟೆಲ್ಲ ಮಾಡಿದರೂ ಎಷ್ಟೋ ಹೂ ಕಾಯಿ ಕಟ್ಟದೆ ಉದುರುತ್ತವೆ. ಉದುರಿದ್ದಕ್ಕೆ ಅಳುತ್ತ ಕೂರಲು ಯಾರಿಗೂ ಪುರಸೊತ್ತಿಲ್ಲ, ಸಂಜೆಗೆ ಹೊಸ ಮೊಗ್ಗು ಕಾದಿರುತ್ತವೆ.

ಬಿ.ಕಾಂ. ಓದಿದವನಿಗೆ ಇದೇನು ಮಹಾ ಎಂದು ನಾನೂ ಕೈ ಹಾಕಿದೆ. ಮೊದಲ ಮೊಗ್ಗಿನ ಶಲಾಕೆ ಮುರಿಯಿತು. ಎರಡನೆಯದೂ. ಮೂರನೆಯದರಲ್ಲಿ ಅರ್ಧ ಕೇಸರ ಒಳಗೇ ಉಳಿದವು. ಯಾರೂ ನೋಡಲಿಲ್ಲ ಎಂದುಕೊಂಡು ಅದಕ್ಕೆ ಮೆಲ್ಲಗೆ ಕೆಂಪು ಚೀಲ ಹಾಕಿಬಿಟ್ಟೆ. ಹಿಂದಿನಿಂದ ಬಂದ ವಯಸ್ಸಾದ ತಾಯಿಯೊಬ್ಬರು ಚೀಲ ತೆಗೆದು, ಮೊಗ್ಗನ್ನು ಚಿವುಟಿ ನೆಲಕ್ಕೆ ಹಾಕಿದರು.

“ಕೆಡಿಸಿದ್ರ ಕೆಡಸ್ರಿ ಸಾಹೇಬ್ರ, ಗಿಡದಾಗ ಬೇಕಾದಷ್ಟು ಮೊಗ್ಗ ಅದಾವು. ಆದ್ರ ಕೆಟ್ಟಿದ್ದಕ್ಕ ಚೀಲ ಹಾಕಬ್ಯಾಡ್ರಿ.”

ಆಕೆ ಹೇಳಿದ್ದು ಹೂವಿನ ಬಗ್ಗೆಯೇ. ಕೇಸರ ಉಳಿದ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ನೋಡಲು ಉಳಿದ ಕಾಯಿಯಂತೆಯೇ ಇರುತ್ತದೆ. ಅದರ ಬೀಜ ರಾಶಿಯಲ್ಲಿ ಬೆರೆತರೆ ಹೈಬ್ರಿಡ್ ಅಲ್ಲದ ಗಿಡ ಹುಟ್ಟುತ್ತವೆ. ಬೀಜದ ಮಾದರಿಯನ್ನು ಬಿತ್ತಿ ಪರೀಕ್ಷಿಸುವಾಗ ಅಂಥ ಗಿಡ ಮಿತಿ ಮೀರಿ ಕಂಡರೆ ಇಡೀ ರಾಶಿಯೇ ತಿರಸ್ಕಾರ. ಒಂದು ಮನೆಯವರು ಎರಡು ತಿಂಗಳು ಬೆಳಿಗ್ಗೆ ಸಂಜೆ ದುಡಿದದ್ದು ಎಣ್ಣೆಯ ಗಾಣಕ್ಕೆ. ಆಕೆಗೆ ನನ್ನ ಬ್ಯಾಡಗಿಯ ಕಥೆ ಗೊತ್ತಿರಲು ಸಾಧ್ಯವಿರಲಿಲ್ಲ. ನನ್ನ ಕಿವಿ ಮಾತ್ರ ಬಿಸಿಯಾಯಿತು. ಅಂದು ಕತ್ತಲಾಗುವವರೆಗೆ ಹೊಲದಲ್ಲೇ ಇದ್ದೆ. ಹನ್ನೊಂದು ಮೊಗ್ಗು ಕೆಡಿಸಿದೆ, ಹನ್ನೆರಡನೆಯದು ಸರಿಯಾಯಿತು. ಅದಕ್ಕೆ ಆಕೆಯೇ ಚೀಲ ಹಾಕಿದರು.

ಒಂದು ಮಾತು ಬಚ್ಚಿಡಬಾರದು. ಅಂಥ ಹೊಲಗಳಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ಶಾಲೆ ಬಿಟ್ಟು ಹೂವಿನ ಕೆಲಸ ಮಾಡುತ್ತಿದ್ದರು. ಸಣ್ಣ ಬೆರಳು, ಗಿಡದೆತ್ತರದ ಮೈ, ಚುರುಕಾಗುತ್ತದೆ ಎಂದು ದೊಡ್ಡವರು ಕಾರಣ ಹೇಳುತ್ತಿದ್ದರು. ನಾವು ಅದನ್ನು ಕಣ್ಣಾರೆ ನೋಡಿ, ಸಾಲದ ಕಾಗದದಲ್ಲಿ ‘ಬೆಳೆ ತೃಪ್ತಿಕರ’ ಎಂದು ಬರೆದು ಬಂದೆವು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎಂಬ ಕಾಯ್ದೆ ಬಂದದ್ದು 2009ರಲ್ಲಿ. ಆ ಮಕ್ಕಳಿಗೆ ಈಗ ಐವತ್ತರ ಮೇಲಿನ ವಯಸ್ಸು. ಈ ತಪ್ಪಿನ ಮೇಲೆ ಗೆರೆ ಎಳೆದು ಮೇಲೆ ಸರಿ ಅಂಕಿ ಬರೆಯಲು ಬರುವುದಿಲ್ಲ. ಸಹಿ ಮಾತ್ರ ಹಾಕಬಹುದು, ಹಾಕುತ್ತಿದ್ದೇನೆ.

ನನ್ನ ಸ್ವಂತ ಗುರಿಯ ವಿಷಯ ಕೇಳಿದರೆ, ಅಧಿಕಾರಿಯಾಗಬೇಕೆಂದಿತ್ತು. ಅದಕ್ಕೆ ಅನುಕೂಲವಾಗಲೆಂದು ಸಿಎಐಐಬಿ ಎಂಬ ಬ್ಯಾಂಕಿಂಗ್ ಪರೀಕ್ಷೆಗೆ ಕೂತೆ. ಮೊದಲ ಭಾಗ ಮೂರನೇ ಸಲಕ್ಕೆ ಪಾಸಾಯಿತು. ಎರಡನೇ ಭಾಗದಲ್ಲಿ ಒಂದೇ ವಿಷಯಕ್ಕೆ ಐದು ಸಲ ನಪಾಸು. ಆರನೇ ಸಲ ಪಾಸಾದಾಗ ನನಗೆ ನಲವತ್ತೆರಡು. ಒಂದಿಷ್ಟು ಸಂಬಳ ಏರಿತು, ಹುದ್ದೆ ಏರಲಿಲ್ಲ, ಗುಮಾಸ್ತನಾಗಿಯೇ ನಿವೃತ್ತನಾದೆ. ಹಾಗಾದರೆ ಆರನೇ ಸಲ ಯಾಕೆ ಕೂತಿರಿ ಎಂದು ಮಗ ಕೇಳಿದ್ದುಂಟು. ಐದು ಸಲ ಓದಿದ ಪುಸ್ತಕ ಅರ್ಥವಾಗತೊಡಗಿತ್ತು, ಬಿಡಲು ಮನಸ್ಸಾಗಲಿಲ್ಲ, ಅಷ್ಟೆ. ಐವತ್ತರ ಹತ್ತಿರ ಕಂಪ್ಯೂಟರ್ ಬಂದಾಗಲೂ ಮಗನ ವಯಸ್ಸಿನ ಹುಡುಗಿಯ ಪಕ್ಕ ಕೂತು ಒಂದೊಂದೇ ಕೀಲಿ ಹುಡುಕಿದೆ. ಕಂಪ್ಯೂಟರ್ ಕೂಡಿಸುವುದನ್ನು ತಪ್ಪುವುದಿಲ್ಲ, ನಿಜ. ಆದರೆ 8.20ನ್ನು 2.80 ಎಂದು ಒತ್ತಿದರೆ ಅದೂ ನಂಬುತ್ತದೆ.

ಇದನ್ನೆಲ್ಲ ಮೊಮ್ಮಗನಿಗೆ ಒಂದೇ ಸಂಜೆ ಹೇಳಲಿಲ್ಲ, ಹೇಳಿದ್ದರೆ ಓಡಿಹೋಗುತ್ತಿದ್ದ. ಅಂದು ಮಾಡಿದ್ದು ಇಷ್ಟೇ. ಬುಟ್ಟಿಯಿಂದ ಒಂದು ಹಾಳೆ ತೆಗೆದು ನೆಟ್ಟಗೆ ಮಾಡಿದೆ. ಅಂಗಡಿಯ ಬಿಲ್ಲಿನ ಲೆಕ್ಕ. ಪುಸ್ತಕದ ಹಿಂದಿನ ಉತ್ತರ 1,465. ಇವನದು 1,645. “ಕಳಿ” ಎಂದೆ. 180. “ಒಂಬತ್ತರಿಂದ ಭಾಗಿಸು.” 20. “ಶೇಷ?” “ಇಲ್ಲ.” “ಹಂಗಾರ ನೂರರ ಅಂಕಿಗೂ ಹತ್ತರ ಅಂಕಿಗೂ ಎರಡು ಫರಕ್ ಇದ್ದಲ್ಲಿ ನೋಡು.”

ಬೆರಳಿಟ್ಟು ಸಾಲುಸಾಲಾಗಿ ಇಳಿದ. ಮೂರನೇ ಸಾಲಿನಲ್ಲಿ ನಿಂತ. ಪುಸ್ತಕದಲ್ಲಿ 350 ಇತ್ತು. ಇವನು ಮೊದಲ ಹಾಳೆಯಲ್ಲಿ 530 ಎಂದು ಇಳಿಸಿಕೊಂಡು, ಆ ಹಾಳೆಯಿಂದಲೇ ಮುಂದಿನ ಹಾಳೆಗೂ ನಕಲು ಮಾಡಿದ್ದ. ಕೂಡಿಸಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಹಾಳೆ ಬದಲಿಸಿದ್ದ, ತಪ್ಪನ್ನು ಬದಲಿಸಿರಲಿಲ್ಲ.

“ಹರೀಲಾ?” ಎಂದ. ಬೇಡ ಎಂದೆ. ಗೆರೆ ಎಳೆದ, ಅಡ್ಡಾದಿಡ್ಡಿಯಾಗಿ. ಮೇಲೆ 350 ಬರೆದ. ಪಕ್ಕದಲ್ಲಿ ತನ್ನ ಹೆಸರಿನ ಪೂರ್ತಿ ಅಕ್ಷರಗಳನ್ನೂ, ಮನೆತನದ ಹೆಸರನ್ನೂ ಸೇರಿಸಿ ಅರ್ಧ ಹಾಳೆ ತುಂಬುವಷ್ಟು ದೊಡ್ಡ ಸಹಿ ಹಾಕಿದ. ಬ್ಯಾಂಕಿನಲ್ಲಾಗಿದ್ದರೆ ಅದಕ್ಕೂ ಬೈಸಿಕೊಳ್ಳುತ್ತಿದ್ದ. ಅವರ ಟೀಚರ್ ಏನೆನ್ನುತ್ತಾರೋ ಎಂದು ನನಗೂ ಅಳುಕಿತ್ತು. ಮರುದಿನ ಆ ಸಹಿಯ ಕೆಳಗೆ ಅವರೂ ಒಂದು ಪುಟ್ಟ ಸಹಿ ಹಾಕಿ ಕಳಿಸಿದ್ದರು.

ಮೊನ್ನೆ ಭಾನುವಾರ ನಾನು ಮನೆಖರ್ಚಿನ ಡೈರಿ ಬರೆಯುತ್ತಿದ್ದೆ. ನಲವತ್ತು ವರ್ಷಗಳ ರೂಢಿ, ಬಿಟ್ಟಿಲ್ಲ. ಪಾಕೀಟಿನ ಹಣಕ್ಕೂ ಡೈರಿಗೂ 27 ರೂಪಾಯಿ ಹೊಂದಲಿಲ್ಲ. ಕಣ್ಣು ಮಂಜು, ಮೂರು ಸಲ ಕೂಡಿಸಿದರೂ ಅದೇ. “ಹೋಗ್ಲಿ ಬಿಡ್ರಿ, ಇಪ್ಪತ್ತೇಳು ರೂಪಾಯಿ” ಎಂದು ಒಳಗಿನಿಂದ ನಮ್ಮ ಮನೆಯವರು ಕೂಗಿದರು. ಮೊಮ್ಮಗ ಹೆಗಲ ಮೇಲಿಂದ ಇಣುಕಿದ. ಸ್ವಲ್ಪ ಹೊತ್ತು ತುಟಿಯಲ್ಲೇ ಮಗ್ಗಿ ಹೇಳಿಕೊಂಡ.

“ಅಜ್ಜ, ಒಂಬತ್ಮೂರ್ಲೆ ಇಪ್ಪತ್ತೇಳು” ಎಂದ. ಬದನೆಕಾಯಿ, ಸೌತೆಕಾಯಿ ದಾಟಿ ಅವನ ಬೆರಳು ಕೊತ್ತಂಬರಿ-ಟೊಮೆಟೊ ಸಾಲಿನಲ್ಲಿ ನಿಂತಿತು. ಕೊಟ್ಟದ್ದು 52, ನಾನು ಬರೆದದ್ದು 25.

ಗೆರೆ ಎಳೆದೆ. ಮೇಲೆ 52 ಬರೆದೆ. ಪೆನ್ನು ಮುಚ್ಚಲು ಹೋದರೆ ಅವನು ಕೈ ಹಿಡಿದ.

“ಸಹಿ ಹಾಕು ಅಜ್ಜ.”